ಕರೆಂಟಿಲ್ಲದ ಗಿಟಾರು

ತೊಕುನಾಗ ಅಂದ. ನಾವು ನಾಗಪ್ಪ ಅಂದೆವು.
ಅರವತ್ತೇಳರ ಮನುಷ್ಯ, ಬೆನ್ನ ಮೇಲೆ ಬಿಳಿ ಜಡೆ,
ಗೋಕುಲಂನಲ್ಲಿ ಬೆಳಗಿನ ಜಾವ ಉಸಿರು ಎಣಿಸುವವರ ಪೈಕಿ.
ಆಟೊ ನಿಂಗರಾಜು ಮಂಡಿ ಮೊಹಲ್ಲಾದ ನಮ್ಮ ಗಲ್ಲಿಗೆ
ತಂದು ಇಳಿಸಿದಾಗ, ಎದೆಗೆ ಅವಚಿದ ಪೆಟ್ಟಿಗೆ ನೋಡಿ
ಮಗುವಿನ ಹೆಣ ಅಂದುಕೊಂಡೆ, ದೇವರಾಣೆ.

ಒಳಗೆ ಗಿಟಾರು.
ಕುತ್ತಿಗೆಯುದ್ದಕ್ಕೂ ಕಪ್ಪೆಚಿಪ್ಪಿನ ಹಕ್ಕಿಗಳು,
ಐದನೆಯದು ಪುಡಿಪುಡಿ.
ಇನ್ನೊಂದು ಕೂರಿಸಿಕೊಡಿ ಎಂದು
ಫೋನು ಅವನ ಪರವಾಗಿ ಕನ್ನಡ ಮಾತಾಡಿತು,
ವಾರ್ತೆ ಓದುವ ಹೆಂಗಸಿನ ದನಿಯಲ್ಲಿ.

ದಸ್ತಗೀರ್ ಸಾಬರು ಉಪ್ಪುಕಾಗದದಲ್ಲಿ ಒಂದೆಳೆ ಉಜ್ಜಿ
ಮೂಗಿಗೆ ಹಿಡಿದರು.
'ಬೀಟೆ. ನಮ್ಮ ಕಡೇದೇ.'
ಕಾಕನಕೋಟೆಯದೋ ವೈನಾಡಿನದೋ, ಮರ ಹೇಳೀತೆ?
ನಾನು ಪಾಲಿಶ್ ಮಾಡುವವಳು, ಇಪ್ಪತ್ತೆರಡು ವರ್ಷ ಪಳಗಿದ ಮೂಗು,
ನನಗೂ ಅದೇ ಬಂತು: ಚೂರು ಗುಲಾಬಿ, ಚೂರು ಮೆಣಸು.

ಮೂರು ದಿನ ಬಂದ.
ಸಾಬರು ಎಳೆಗರಗಸ ಆಡಿಸುತ್ತಿದ್ದರೆ ಕುಕ್ಕುರುಗಾಲಲ್ಲಿ ಕೂತು
ಫೋನಿಗೆ ಹೇಳುವನು, ಫೋನು ನಮಗೆ.
ಅಪ್ಪ ಮೀನಿನ ಹಡಗಿನವನು, ಆರು ತಿಂಗಳಿಗೊಮ್ಮೆ ಬರುವ ವಾಸನೆ.
ಹದಿನಾರಕ್ಕೆ, ಅಮ್ಮನ ಹೊಲಿಗೆ ಮಿಷನ್ ಮಾರಿ,
ಊರಿಗೆ ಮರಳುವ ಅಮೆರಿಕದ ಸಿಪಾಯಿಯಿಂದ ಇದನ್ನು ಕೊಂಡದ್ದು.
ಅಮ್ಮ ಏನಂದಳು? ಕೇಳಿದೆ.
ಫೋನು ಸುಮ್ಮನಿತ್ತು.
ನಾಲ್ವರ ತಂಡ. ರಾಕ್ ಅಂದರೆ ಇಂಗ್ಲಿಷೇ ಎಂದರಂತೆ ಎಲ್ಲರೂ.
ಇವನು ಬರೆದದ್ದು ತನ್ನ ಬಂದರಿನ ಬೈಗುಳದಲ್ಲಿ:
ಐಸ್ ಕಾರ್ಖಾನೆಯ ಮೇಲೆ, ಕೊನೇ ಬಸ್ಸಿನ ಮೇಲೆ, ಹಲ್ಲುನೋವಿನ ಮೇಲೆ.
ಮೊದಲ ರೆಕಾರ್ಡು ಯಾರೂ ಕೊಳ್ಳಲಿಲ್ಲ.
ಎರಡನೆಯದಕ್ಕೆ ಜನ ಕುರ್ಚಿ ಮುರಿದರು.
ಮೂರನೆಯದರ ಹೊತ್ತಿಗೆ, 'ಡ್ರಮ್ ಇಲ್ಲ' ಎಂದಿತು ಫೋನು.
ಡ್ರಮ್ಮೋ, ಬಾರಿಸುವವನೋ?
ಅವನ ಮುಖ ನೋಡಿ ಮತ್ತೆ ಕೇಳಲಿಲ್ಲ.
ಆಮೇಲೆ ಇಪ್ಪತ್ತು ವರ್ಷ ನೂಡಲ್ಸಿಗೆ, ಸೊಳ್ಳೆಬತ್ತಿಗೆ
ಎಂಟೆಂಟು ಸೆಕೆಂಡಿನ ರಾಗ. ಮನೆ ಕಟ್ಟಿದ್ದು ಅದರಲ್ಲೇ.
ಕಿವಿ ಹೋದದ್ದು ಮಾತ್ರ ಅದಕ್ಕೂ ಮೊದಲು,
ಕುರ್ಚಿ ಮುರಿದ ವರ್ಷಗಳಲ್ಲಿ.

ನಾಲ್ಕನೇ ದಿನ ಹಕ್ಕಿ ಕೂತಿತು.
ಒಳ್ಳೇ ಚಿಪ್ಪು ಸಿಗದೆ ಹಲಸಿನ ಮರದ್ದು.
ಉಳಿದವೆಲ್ಲ ಬಿಳಿ, ಇದೊಂದು ಅರಿಶಿನ ಮಿಂದ ಮದುಮಗಳು.
ಹೆಬ್ಬೆರಳಲ್ಲಿ ಸವರಿದ, ಬಹಳ ಹೊತ್ತು. ತಂತಿ ಕಟ್ಟಿದ.

ಬಾರಿಸಪ್ಪ ನಾಗಪ್ಪ, ಅಂದೆ.
'ಡಬ್ಬ ಬೇಕು, ಕರೆಂಟು ಬೇಕು,' ಅಂದ ನಿಂಗರಾಜು, ಎಲ್ಲ ಬಲ್ಲವನು.
ನಾಗಪ್ಪ ಬಾರಿಸಿಯೇಬಿಟ್ಟ.
ಏನೂ ಕೇಳಲಿಲ್ಲ.
ಸಾಬರು ಮಿಷನ್ ನಿಲ್ಲಿಸಿದರು. ಆಗಲೂ ಇಲ್ಲ.
ನಾನು ಫ್ಯಾನು ಆರಿಸಿದೆ. ಹುಡುಗ ಉಜ್ಜುವುದು ಬಿಟ್ಟ.
ಪಕ್ಕದ ಬೇಕರಿಯ ತಟ್ಟೆ ಸದ್ದೂ ಯಾಕೋ ನಿಂತಿತು.
ಆಗ ಬಂತು,
ಬೆಂಕಿಪೊಟ್ಟಣದೊಳಗಿನ ಜೀರುಂಡೆಯಷ್ಟು.

ಅವನಿಗೆ ಅದೂ ಇಲ್ಲ.
ತಲೆ ಬಗ್ಗಿಸಿ, ಗಿಟಾರಿನ ಕೊಂಬಿಗೆ ಹಲ್ಲು ಊರಿದ.
ಮರದಿಂದ ಹಲ್ಲಿಗೆ, ಹಲ್ಲಿಂದ ಬುರುಡೆಗೆ.
ಒಂಬತ್ತು ವರ್ಷದಿಂದ ಹೀಗೆಯೇ ಕೇಳುವುದಂತೆ.
ಬಣ್ಣ ಸವೆದ ಆ ಜಾಗ ಪಾಲಿಶ್ ಮಾಡಲಾ ಎಂದು
ಮೊದಲ ದಿನ ನಾನೇ ಕೇಳಿದ್ದೆ.
ಎರಡೂ ಕೈ ಆಡಿಸಿ ಬೇಡ ಬೇಡ ಅಂದಿದ್ದ.

ಅವನು ಟೀಗೆ ಹೋದಾಗ ನಾನೂ ಕಚ್ಚಿ ನೋಡಿದೆ,
ನಿಂಗರಾಜುವಿಗೆ ತಂತಿ ಮೀಟು ಎಂದು ಸನ್ನೆ ಮಾಡಿ.
ದವಡೆಯೊಳಗೆ ಯಾರೋ ಬಾಗಿಲು ತೆಗೆದರು.
ಅಷ್ಟೇ ಹೇಳಬಲ್ಲೆ. ಉಪ್ಪುಪ್ಪು ಬೇರೆ.

ಹೋಗುವಾಗ ಎಣಿಸದೆ ಕೊಟ್ಟ. ಸಾಬರು ಎಣಿಸಿ ಅರ್ಧ ಮರಳಿಸಿದರು.
ಪುಡಿ ಚಿಪ್ಪಿನ ಒಂದು ಚೂರು ನನ್ನ ಡಬ್ಬಿಯಲ್ಲಿ ಉಳಿದಿತ್ತು.
ಮೊನ್ನೆ ಒಂದು ಫಲಕದ ಆನೆಗೆ ಕಣ್ಣು ಬೇಕಾಯಿತು, ಕೊಟ್ಟೆ.
ಯಾವ ಊರಿನ ಗೋಡೆ ಸೇರಿತೋ.

ರಾತ್ರಿ ಮಗಳು ಫೋನಿನಲ್ಲಿ ಹುಡುಕಿ ತೋರಿಸಿದಳು.
ಕಪ್ಪುಬಿಳುಪು. ಇಪ್ಪತ್ತೈದರ ಹುಡುಗ, ಬೆವರು,
ಕೊರಳ ನರ ಉಬ್ಬಿಸಿ ಕಿರುಚುತ್ತಿದ್ದಾನೆ,
ಹಲ್ಲುನೋವಿನದೇ ಇರಬೇಕು.
ಸೌಂಡು ಕಮ್ಮಿ ಮಾಡೇ, ಅಂದೆ.
ಮಾಡಿದಳು.
ಇನ್ನೂ ಕಮ್ಮಿ.